ಬೆಸುಗೆ ಮಾವನ ಸೋಲದ ತೇಪೆಗಳು

ಬೆಸುಗೆ ಮಾವನ ಮುತ್ತಜ್ಜ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವವನು. ಒಂದು ಸಲ ಸೌದೆ ಹೇರಿದ ಗಾಡಿಯೊಂದು ಸೇತುವೆಯಿಂದ ಹಳ್ಳಕ್ಕೆ ಉರುಳಿತು. ಎತ್ತುಗಳು ನೊಗ ಕಳಚಿಕೊಂಡು ಬದುಕಿದವು, ಗಾಡಿ ಮಾತ್ರ ಪುಡಿಪುಡಿ. ಮರದ್ದು ಅನ್ನುವುದೆಲ್ಲ ಸೌದೆಯ ಜೊತೆ ಸೌದೆಯಾಯಿತು. ಮುತ್ತಜ್ಜ ಹಾಕಿದ ಪಟ್ಟಿಯೊಂದು ಉರುಳಿಕೊಂಡು ಹೋಗಿ ಆಚೆ ದಡದ ಬಂಡೆಗೆ ಒರಗಿ ನಿಂತಿತ್ತಂತೆ, ಒಂದು ಕೂದಲೆಳೆಯಷ್ಟೂ ಸೊಟ್ಟಗಾಗದೆ. ಗಾಡಿಯವನು ಅದನ್ನು ಹೆಗಲಿಗೇರಿಸಿಕೊಂಡು ಬಂದು, "ಇದಕ್ಕೊಂದು ಗಾಡಿ ಮಾಡಿಕೊಡು" ಅಂದ. ಮುತ್ತಜ್ಜ ಮಾಡಿಕೊಟ್ಟ. ಗಾಡಿಗೆ ಪಟ್ಟಿ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ, ಪಟ್ಟಿಗೆ ಗಾಡಿ ಹಾಕಿದವರು ನಾವು ಮಾತ್ರ ಎಂದು ಆ ಮನೆಯವರು ಅಂದಿನಿಂದ ಮೀಸೆ ತಿರುವಿದರು.

ಅವನ ಮಗ, ಅಂದರೆ ಅಜ್ಜ, ಶಾಲೆಯ ಗಂಟೆ ಸೀಳಿದಾಗ ಅದನ್ನು ದುರಸ್ತಿ ಮಾಡಿದವನು. ಸೀಳಿನ ಒಳಗೂ ಹೊರಗೂ ಹೆಬ್ಬೆರಳು ದಪ್ಪದ ಕಬ್ಬಿಣ ಕೊಟ್ಟು ಬಿಗಿದ. ಆಮೇಲೆ ಆ ಗಂಟೆ ಒಡೆಯಲಿಲ್ಲ. ಬಾರಿಸಿದರೆ ಯಾರೋ ಬಾಗಿಲು ತಟ್ಟಿದ ಹಾಗೆ 'ಟಕ್' ಅನ್ನುತ್ತಿತ್ತು, ಅಷ್ಟೆ. ಶಾಲೆ ಬಿಟ್ಟಿದೆ ಎಂದು ಮೇಷ್ಟರು ಅಂಗಳಕ್ಕೆ ಬಂದು ಕೂಗಿ ಹೇಳಬೇಕಾಗುತ್ತಿತ್ತು. ಈ ಮಾತೆತ್ತಿದರೆ ಅಜ್ಜ, "ಒಡೀತಾ? ಒಡೀಲಿಲ್ಲ ತಾನೇ?" ಎಂದು ಕೇಳುತ್ತಿದ್ದ.

ಅಪ್ಪ ಊರಂಚಿನ ರಸ್ತೆಯಲ್ಲಿ ತಗಡಿನ ಷೆಡ್ಡು ಹಾಕಿ ಕಾರು ರಿಪೇರಿಗೆ ಇಳಿದ. ಅವನು ಮಗನಿಗೆ ಕೊಟ್ಟ ಆಸ್ತಿ ಎರಡು ಮಾತು. ಒಂದು, "ಗಾಡಿ ಎಲ್ಲಾದ್ರೂ ಹರೀಲಿ, ನಾವು ಕೈ ಹಾಕಿದ ಕಡೆ ಹರೀಬಾರದು." ಅದಕ್ಕಾಗಿ ಹರಿದ ತಗಡು ಎಷ್ಟು ದಪ್ಪವೋ ಅದರ ಎರಡರಷ್ಟು ದಪ್ಪದ ತೇಪೆ ಹಾಕಬೇಕು. ಇನ್ನೊಂದು, "ನಮ್ಮ ಷೆಡ್ಡಿಂದ ಹೊರಟ ಗಾಡಿ ರಸ್ತೆ ಕಾಣ್ಬೇಕೇ ಹೊರತು ಗುಜರಿ ಕಾಣಬಾರದು."

ಇಂಥ ವಂಶದಲ್ಲಿ ಹುಟ್ಟಿದವನಿಗೆ ಬೇರೆ ಹೆಸರು ಅಂಟೀತೇ? ಊರಿಗೆ ಊರೇ ಅವನನ್ನು ಬೆಸುಗೆ ಮಾವ ಎಂದಿತು. ಗಿಡ್ಡ ಆಳು, ಕತ್ತು ಸದಾ ಒಂದು ಪಕ್ಕಕ್ಕೆ ವಾಲಿರುತ್ತಿತ್ತು. ಗಾಡಿಯ ಕೆಳಗೆ ಮಲಗಿ ಮಲಗಿ ಲೋಕವನ್ನು ಕೆಳಗಿನಿಂದ ಓರೆಯಾಗಿ ನೋಡುವುದೇ ಅವನಿಗೆ ರೂಢಿಯಾಗಿತ್ತು. ಅಂಗಿಯ ತೋಳಿನ ತುಂಬ ಕಿಡಿ ಬಿದ್ದ ತೂತು. ತನ್ನ ಅಂಗಿಗೆ ಮಾತ್ರ ಅವನು ತೇಪೆ ಹಾಕಿಕೊಂಡವನಲ್ಲ. ಬೇರೆ ಗ್ಯಾರೇಜಿನವರು, "ಇದು ಮುಗೀತು, ಮಾರಿಬಿಡಿ" ಅಂದ ಗಾಡಿಗಳೆಲ್ಲ ಅವನ ಷೆಡ್ಡಿಗೆ ಬರುತ್ತಿದ್ದವು. ಬಂದವು ತಮ್ಮ ಚಕ್ರದ ಮೇಲೇ ಹೋಗುತ್ತಿದ್ದವು.

ಅವನ ಅಕ್ಕ ಹೆರಿಗೆ ನೋಡುವ ದಾದಿ. ಊರಿನ ಅರ್ಧ ಜನ ಮೊದಲು ಕಂಡ ಮುಖ ಅವಳದು. ಮನೆಮನೆಗೆ ಹೋಗಿ ಬಸುರಿಯರನ್ನು ನೋಡುವುದು, ನೋವು ಶುರುವಾದವರನ್ನು ಆಸ್ಪತ್ರೆಗೆ ಕರೆತರುವುದು, ಎಳೆಗೂಸುಗಳನ್ನು ತೂಗುವುದು ಅವಳ ಕೆಲಸ. ಅದೆಲ್ಲ ನಡೆಯುತ್ತಿದ್ದದ್ದು ಒಂದು ಬೂದು ಬಣ್ಣದ ಹಳೆಯ ಕಾರಿನಲ್ಲಿ. ಅದನ್ನು ಅವಳು 'ಮುದುಕಿ' ಅನ್ನುತ್ತಿದ್ದಳು. ಹೆಸರಿಗೆ ಬೂದು, ಒಂದು ಬಾಗಿಲು ಕೆಂಪು, ಡಿಕ್ಕಿಯ ಮುಚ್ಚಳ ಹಸಿರು. ಇಂಜಿನ್ನು ಒಂದು ಗಾಡಿಯದು, ಗೇರುಪೆಟ್ಟಿಗೆ ಇನ್ನೊಂದರದು, ಸೀಟು ಮತ್ಯಾವುದರದೋ. ಎಲ್ಲವನ್ನೂ ತಂದು ಕೂರಿಸಿದವನು ತಮ್ಮ.

ಒಂದು ದಿನ ಬೆಳಿಗ್ಗೆ ಅಕ್ಕ ಗಾಡಿಯನ್ನು ಷೆಡ್ಡಿನ ಮುಂದೆ ನಿಲ್ಲಿಸಿ ಇಳಿದಳು. ಮುಖ ಗಂಟಿಕ್ಕಿತ್ತು.

"ಬಾಗಿಲು ತೆರೀಲಿಲ್ಲ ಕಣೋ," ಅಂದಳು. "ನಿನ್ನೆ ಆಸ್ಪತ್ರೆ ಬಾಗಿಲಲ್ಲಿ. ಹಿಂದಿನ ಸೀಟಲ್ಲಿ ಹುಡುಗಿ ನೋವಿಂದ ಒದ್ದಾಡ್ತಿದಾಳೆ, ಈ ಕಡೆ ಬಾಗಿಲು ಕಚ್ಕೊಂಡು ಕೂತಿದೆ. ಎಳೆದೆ, ಒದ್ದೆ, ಬೈದೆ. ಕೊನೆಗೆ ಆ ಕಡೆಯಿಂದ ಜಾರಿಸಿ ಜಾರಿಸಿ ಇಳಿಸಿದ್ವಿ."

"ಮಗು?"

"ಗಂಡು. ಅಳೋ ಗಂಟಲು ನೋಡಿದ್ರೆ ನಿನ್ನ ಗ್ರೈಂಡರ್ ಪರವಾಗಿಲ್ಲ. ಅದು ಬಿಡು, ಬಾಗಿಲು ನೋಡು."

ಬೆಸುಗೆ ಮಾವ ಹಿಡಿಕೆಗೆ ಕೈ ಹಾಕಿದ. ಬಾಗಿಲು ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸಾಗಿ ತೆರೆಯಿತು. ಮುಚ್ಚಿದ, ತೆರೆದ. ಮತ್ತೆ ಮುಚ್ಚಿದ.

"ಚೆನ್ನಾಗೇ ಇದೆಯಲ್ಲಕ್ಕಾ."

"ಹಾಗಾದ್ರೆ ನಾನು ಸುಳ್ಳಿ." ಅಕ್ಕ ಹಿಂದಿನ ಸೀಟಲ್ಲಿ ಕೂತು ಬಾಗಿಲು ಹಾಕಿಕೊಂಡಳು. "ಈಗ ತೆಗಿ."

ಬರಲಿಲ್ಲ. ಅವನು ಎರಡೂ ಕೈಯಲ್ಲಿ ಎಳೆದ. ಕಾಲು ಕೊಟ್ಟು ಎಳೆದ. ಅಕ್ಕ ಆ ಬದಿಯಿಂದ ಇಳಿದು ಸುತ್ತಿ ಬಂದಳು. ಅವನು ಮತ್ತೆ ಎಳೆದ, ತಕ್ಷಣ ತೆರೆದುಕೊಂಡಿತು.

"ಮುದುಕಿಗೆ ನಿನ್ನ ಕಂಡರೆ ಆಗಲ್ಲ," ಅಂದ. ತಾನೇ ಒಳಗೆ ಕೂತು ನೋಡಿದ. ಅವನಿಗೂ ತೆರೆಯಲಿಲ್ಲ. ಕಿಟಕಿಯ ಗಾಜಿನ ಹಿಂದೆ ಕತ್ತು ವಾಲಿಸಿಕೊಂಡು, ಬೋನಿಗೆ ಬಿದ್ದ ಇಲಿಯ ಹಾಗೆ ಪಿಳಿಪಿಳಿ ನೋಡುತ್ತಿದ್ದ ತಮ್ಮನನ್ನು ಕಂಡು ಅಕ್ಕ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಕೇಳಿಲ್ಲಿ. ಗಾಡಿ ಕೊಡ್ತೀವಿ ಅಂತ ಆಸ್ಪತ್ರೆಯೋರು ಆಗಿಂದ ಹೇಳ್ತಿದಾರೆ. ನನ್ನ ತಮ್ಮ ಇದಾನೆ, ಬೇಡ ಅಂತ ತಳ್ತಾ ಬಂದೆ. ಸೋಮವಾರ ಹೂಂ ಅನ್ಬೇಕು, ಇಲ್ಲ ಊಹೂಂ ಅನ್ಬೇಕು. ಈ ಗಾಡೀಲಿ ಬಸುರೀನ ಕೂರಿಸ್ಬೋದು ಅಂತ ನೀನು ಬಾಯಿಬಿಟ್ಟು ಹೇಳಿದ್ರೆ ನಾನು ಊಹೂಂ ಅಂತೀನಿ. ಹೇಳದೇ ಇದ್ರೆ ಮುದುಕಿ ಗುಜರಿಗೆ."

"ಗುಜರಿ ಮಾತು ಈ ಷೆಡ್ಡಲ್ಲಿ ಆಡ್ಬೇಡ," ಅಂದ ಬೆಸುಗೆ ಮಾವ, ಗಾಜಿನ ಒಳಗಿನಿಂದಲೇ.

ಅಕ್ಕ ನಡೆದುಕೊಂಡು ಹೋದ ಮೇಲೆ ಅವನು ಹಾಸುಹಲಗೆಯ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಭಾಗವನ್ನು ಅವನ ಅಪ್ಪನ ಕಾಲದಿಂದ 'ಹೊಸ್ತಿಲು' ಅನ್ನುತ್ತಿದ್ದರು. ಗಾಡಿಯ ನಡು ನಿಲ್ಲುವುದೇ ಅದರ ಮೇಲೆ. ಅಲ್ಲಿ ಅವನು ಬೇರೆ ಬೇರೆ ಕಾಲದಲ್ಲಿ ಹಾಕಿದ ತೇಪೆಗಳು ಸಾಲಾಗಿದ್ದವು. ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿದ. ಕಣಕಣ ಎಂದವು. ಒಂದು ಬೆಸುಗೆಯೂ ಬಿಟ್ಟಿರಲಿಲ್ಲ.

ಆದರೆ ಟಾರ್ಚನ್ನು ಹತ್ತಿರ ಹಿಡಿದಾಗ ಪ್ರತಿಯೊಂದು ತೇಪೆಯ ಅಂಚಿನಾಚೆ, ಹಳೆಯ ತಗಡಿನ ಮೇಲೆ, ಕಪ್ಪು ದಾರದಂಥ ಗೆರೆಯೊಂದು ಕಂಡಿತು. ಉಗುರು ಇಟ್ಟ. ಉಗುರು ಇಳಿಯಿತು. ಹಿಂದಿನ ಸೀಟಿನ ಮೇಲೆ ಭಾರ ಬಿದ್ದ ಕೂಡಲೇ ಈ ಗೆರೆಗಳೆಲ್ಲ ಬಾಯಿಬಿಡುತ್ತಿದ್ದವು, ಗಾಡಿಯ ನಡು ಬಾಗುತ್ತಿತ್ತು, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಇಷ್ಟು ಅವನಿಗೆ ತಿಳಿಯಿತು. ತಿಳಿಯದೆ ಹೋದದ್ದು, ಹರಿದ ಕಡೆಯೆಲ್ಲ ಗಟ್ಟಿ ಮಾಡಿದ್ದಾಗಿದೆಯಲ್ಲ, ಹರಿಯುವುದಕ್ಕೆ ಇನ್ನು ಎಲ್ಲಿ ಉಳಿದಿತ್ತು ಅನ್ನುವುದು.

ಅವನಿಗೆ ಗೊತ್ತಿದ್ದ ಮದ್ದು ಒಂದೇ. ಮೊದಲ ಬಿರುಕಿನ ಮೇಲೆ ಇನ್ನೂ ದಪ್ಪದ ತೇಪೆ ಇಟ್ಟು ಬೆಸುಗೆ ಶುರು ಮಾಡಿದ. ಕಿಡಿ ತಗುಲಿದ ಕೂಡಲೇ ಹಳೆಯ ತಗಡು ಒಲೆಗೆ ಹಾಕಿದ ಕಾಗದದ ಹಾಗೆ ಸುರುಟಿ ಮಾಯವಾಯಿತು. ಇದ್ದದ್ದು ಬಿರುಕು, ಈಗ ತೂತು. ಸ್ವಲ್ಪ ಆಚೆ ಹಿಡಿದ. ಅಲ್ಲೂ ತೂತು. ಬೆಸುಗೆ ಕಚ್ಚಬೇಕಾದರೆ ಎರಡು ಕಡೆಯೂ ಕಬ್ಬಿಣ ಬೇಕು. ಇಲ್ಲಿ ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಬಣ್ಣ ಬಳಿದ ತುಕ್ಕು. ಹೊಸ್ತಿಲು ಒಳಗಿನಿಂದ ತಿಂದುಹೋಗಿತ್ತು. ಹೊರಗೆ ನಿಂತು ಅವನು ತೇಪೆ ಹಾಕುತ್ತಿದ್ದಷ್ಟು ಕಾಲವೂ ಒಳಗೆ ನೀರು ಕೂತು ತನ್ನ ಕೆಲಸ ಮಾಡಿಕೊಂಡಿತ್ತು. ಸಂಜೆಯ ಹೊತ್ತಿಗೆ ತೂತಿನೊಳಗೆ ಮುಷ್ಟಿ ಹೋಗುವಂತಾಯಿತು. ಬೆಸುಗೆ ಮಾವ ಮುಷ್ಟಿಯನ್ನು ಒಳಗೆ ಹಾಕಿ, ಅಲ್ಲೇ ಸುಮ್ಮನೆ ಹಿಡಿದುಕೊಂಡ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಮಾರನೆಯ ದಿನ ಗುಜರಿಯಕ್ಕನ ಹತ್ತಿರ ಹೋದ.

ಗುಜರಿಯಕ್ಕನ ಅಂಗಳ ಊರಿನ ಇನ್ನೊಂದು ತುದಿಯಲ್ಲಿ, ಗೋಡೌನುಗಳ ಹಿಂದೆ ಇತ್ತು. ಗಂಡ ಸತ್ತ ಮೇಲೆ ಅವಳೇ ನಡೆಸುತ್ತಿದ್ದಳು. ಕಿವಿಯಲ್ಲಿ ಪೆನ್ಸಿಲು, ಕಾಲಲ್ಲಿ ಗಂಡಸರ ಬೂಟು. ಬೆಸುಗೆ ಮಾವನಿಗೂ ಅವಳಿಗೂ ಬಹುಕಾಲದ ಒಡನಾಟ, ಅಷ್ಟೇ ಕಾಲದ ಜಗಳ. ಅವನಿಗೆ ಬೇಕಾದ ಬಾಗಿಲು, ಬುಷ್ಷು, ಬೇರಿಂಗುಗಳನ್ನೆಲ್ಲ ಅಂಗಳದ ಮುಂದಿನ ಸಾಲಿನಲ್ಲಿ ಇಟ್ಟಿರುತ್ತಿದ್ದಳು. ಅವನು ಅಲ್ಲಿಂದಲೇ ಆರಿಸಿಕೊಂಡು ಹಿಂತಿರುಗುತ್ತಿದ್ದ. ಹಿಂದಿನ ಸಾಲಿಗೆ ಅವನು ಕಾಲಿಟ್ಟವನಲ್ಲ. ಗಾಡಿ ಕತ್ತರಿಸುವುದನ್ನು ನೋಡಿದರೆ ತನಗೆ ಊಟ ಸೇರುವುದಿಲ್ಲ ಅನ್ನುತ್ತಿದ್ದ.

"ಬಾ ಬೆಸುಗೆ," ಅಂದಳು ಗುಜರಿಯಕ್ಕ. "ಇವತ್ತು ಯಾವ ಹೆಣದ ಯಾವ ಅಂಗ ಬೇಕು?"

"ಮುದುಕಿಗೆ ಎಡಗಡೆ ಹೊಸ್ತಿಲು ಬೇಕು. ಪೂರ್ತಿ. ಒಳಗಿಂದ ಚೆನ್ನಾಗಿರೋದು."

ಅವಳು ಪೆನ್ಸಿಲು ತೆಗೆದು ಕಿವಿ ಕೆರೆದುಕೊಂಡಳು. "ಆ ಜಾತಿ ಗಾಡಿ ನನ್ನ ಗೇಟಿಗೆ ಬಂದು ಯಾವ ಕಾಲವಾಯ್ತೋ. ಬರೋವೆಲ್ಲ ಬಂದು ಮುಗಿದ್ವು."

"ಬರದೇ ಇದ್ರೆ ಒಳ್ಳೇದೇ ಅಲ್ವಾ?"

"ನಿನಗೇನು ಒಳ್ಳೇದು ಮಾರಾಯ? ಅವು ಸಾಯ್ತಾ ಇದ್ದಾಗ ನಿನ್ನ ಮುದುಕಿ ಬದುಕಿದ್ಲು. ಒಂದರ ಬಾಗಿಲು, ಇನ್ನೊಂದರ ಗೇರುಪೆಟ್ಟಿಗೆ ಸಿಕ್ತಿತ್ತು. ಈಗ ಸಾಯೋಕೆ ಯಾರೂ ಉಳಿದಿಲ್ಲ. ಇನ್ನು ಅವಳು ಏನು ತಿಂದು ಬದುಕ್ತಾಳೆ?"

ಬೆಸುಗೆ ಮಾವ ಈ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದ. ಗುಜರಿಗೆ ಹೋಗುವ ಗಾಡಿಗಳು ಇಲ್ಲದ್ದರಿಂದ ಮುದುಕಿ ಗುಜರಿಗೆ ಹೋಗಬೇಕು. ಯಾವ ತುದಿಯಿಂದ ಹಿಡಿದರೂ ಅದು ನೆಟ್ಟಗೆ ನಿಲ್ಲಲಿಲ್ಲ.

"ಬೇರೆ ಜಾತೀದು ಕೊಡಿ. ಕತ್ತರಿಸಿ ಹೊಂದಿಸ್ಕೋತೀನಿ."

"ಎಲ್ಲಿಗೆ ಹೊಂದಿಸ್ತೀಯ? ಇಂಜಿನ್ನು ಸೀಟು ಎಲ್ಲ ಮೂಟೆ ಒಳಗಿನ ಸಾಮಾನು, ಬದಲಾಯಿಸ್ಬೋದು. ಹೊಸ್ತಿಲು ಅಂದ್ರೆ ಮೂಟೆ ಚೀಲ ಕಣಪ್ಪಾ. ಚೀಲಾನೇ ಬದಲಾಯಿಸ್ತೀನಿ ಅಂದ್ರೆ ಅದು ಬೇರೆ ಮೂಟೆ ಆಯ್ತು."

"ಚೀಲಕ್ಕೂ ತೇಪೆ ಹಾಕಿದೀನಲ್ಲ ನಾನು. ಒಂದೂ ಬಿಟ್ಟಿಲ್ಲ. ಬೇಕಾದ್ರೆ ಬಂದು ತಟ್ಟಿ ನೋಡಿ."

ಗುಜರಿಯಕ್ಕ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಅವನನ್ನು ನೋಡಿದಳು. ಏನನ್ನೋ ಹೇಳುವುದೋ ಬೇಡವೋ ಎಂದು ತೂಗುವವಳ ಹಾಗಿತ್ತು ಆ ನೋಟ.

"ಬಿಟ್ಟಿಲ್ಲ ಅಂತ ನಂಗೊತ್ತು," ಅಂದಳು. "ಬಾ ಹಿಂದಕ್ಕೆ."

ಅವನು ಬೇಡವೆನ್ನುವಷ್ಟರಲ್ಲಿ ಅವಳು ನಡೆದಾಗಿತ್ತು. ಹಿಂದಿನ ಸಾಲಿನಲ್ಲಿ ಗಾಡಿ ತುಂಡರಿಸುವ ದೊಡ್ಡ ಕತ್ತರಿ ಯಂತ್ರವಿತ್ತು. ಅದರ ಪಕ್ಕ, ಗೋಡೆಯ ಮೂಲೆಯಲ್ಲಿ, ಎದೆಯೆತ್ತರದ ಕಬ್ಬಿಣದ ಗುಡ್ಡೆಯೊಂದಿತ್ತು. ಅಂಗೈಯಗಲದ್ದು, ಮೊಳದುದ್ದದ್ದು, ಬಾಗಿದ್ದು, ಚೌಕದ್ದು. ಎಲ್ಲದರ ಸುತ್ತಲೂ ಮಣಿ ಪೋಣಿಸಿದ ಹಾಗೆ ಬೆಸುಗೆಯ ಅಂಚು.

ಬೆಸುಗೆ ಮಾವ ಒಂದನ್ನು ಎತ್ತಿಕೊಂಡ. ತನ್ನದೇ ಕೈ. ಇನ್ನೊಂದು ಎತ್ತಿಕೊಂಡ. ಅದೂ ತನ್ನದೇ. ಕೆಳಗಿನಿಂದ ಎಳೆದದ್ದೊಂದರಲ್ಲಿ ಬೆಸುಗೆಯ ಮಣಿಗಳು ಎಡಕ್ಕೆ ವಾಲಿದ್ದವು. ಎಡಗೈ ಬಳಸುತ್ತಿದ್ದ ಅಪ್ಪನದು.

"ಇವು ಇಲ್ಲಿಗೆ ಯಾಕೆ ಬಂದ್ವು?"

"ಗಾಡಿಗಳ ಜೊತೆ ಬಂದ್ವು. ನೀನು ಒಂದು ಸಲ ತೇಪೆ ಹಾಕಿದ ಗಾಡಿ ಆಮೇಲೆ ಎರಡು ಮಳೆ ಕಾಣುತ್ತೋ ನಾಲ್ಕು ಕಾಣುತ್ತೋ, ಕೊನೆಗೆ ಇಲ್ಲಿಗೇ. ನಿನ್ನ ತೇಪೆ ಕತ್ತರಿಗೆ ಸಿಕ್ಕಿದ್ರೆ ಅಲಗು ಮುಕ್ಕಾಗುತ್ತೆ. ಅದಕ್ಕೆ ನಮ್ಮೋರು ಸುತ್ತ ಬಿಡಿಸಿ ಮೂಲೆಗೆ ಎಸೀತಾರೆ. ನನ್ನ ಗಂಡನ ಕಾಲದಿಂದ ಎಸೀತಿದಾರೆ."

"ನಮ್ಮ ಗಾಡಿ ಗುಜರಿಗೆ ಬರಲ್ಲ," ಅಂದ ಬೆಸುಗೆ ಮಾವ. ಅಂದಮೇಲೆ ತನ್ನ ಕೈಯಲ್ಲಿದ್ದ ತೇಪೆಯನ್ನು ನೋಡಿಕೊಂಡ.

"ಹಾಗಂತ ಎಲ್ರೂ ನಿನಗೆ ಹೇಳ್ತಾರೆ. ಬೇರೆ ಊರಿಗೆ ಮಾರಿದ್ವಿ ಅಂತಾರೆ. ನಿನ್ನ ಮುಖ ನೋಡಿ ನಿಜ ಹೇಳೋ ಎದೆ ಯಾರಿಗಿದೆ?"

"ನೀವಾದ್ರೂ ಹೇಳ್ಬೋದಿತ್ತು."

"ಹೇಳಿದ್ರೆ ನೀನು ಓಡಿಬಂದು ಅವಕ್ಕೆ ಮತ್ತೆ ತೇಪೆ ಹಾಕಿ ಎಬ್ಬಿಸ್ಕೊಂಡು ಹೋಗ್ತಿದ್ದೆ. ನಾನು ಮಣ್ಣು ತಿನ್ಬೇಕಿತ್ತು." ನಗಿಸಲು ಆಡಿದ ಮಾತು. ಅವನು ನಗದ್ದನ್ನು ಕಂಡು ದನಿ ತಗ್ಗಿಸಿದಳು. "ನೋಡು, ಮೂಗಿಗಿಂತ ಮೂಗುತಿ ಭಾರ ಆದ್ರೆ ಹರಿಯೋದು ಮೂಗು. ಮೂಗುತಿಗೇನಾಗುತ್ತೆ? ಗಾಡಿ ಅಂದಮೇಲೆ ಗುಂಡಿಗೆ ಬಿದ್ದಾಗ ಒಂಚೂರು ಬಳುಕುತ್ತೆ. ನಿನ್ನ ತೇಪೆ ಬಳುಕಲ್ಲ. ಅದರ ಪಾಲಿನ ಬಳುಕೂ ಪಕ್ಕದ ತಗಡಿನ ಮೇಲೇ ಬೀಳುತ್ತೆ."

"ಹಾಗಾದ್ರೆ ತೆಳು ತೇಪೆ ಹಾಕ್ಬೇಕಿತ್ತಾ?"

"ತೆಳುವಾಗಿದ್ರೆ ತೇಪೇನೇ ಹರೀತಿತ್ತು."

"ದಪ್ಪ ಹಾಕಿದ್ರೆ ಗಾಡಿ ಹರಿಯುತ್ತೆ, ತೆಳು ಹಾಕಿದ್ರೆ ತೇಪೆ ಹರಿಯುತ್ತೆ. ಹಾಕದೇ ಇದ್ರೆ?"

"ಇನ್ನೂ ಬೇಗ ಬರ್ತಿದ್ವು."

"ಮತ್ತೆ ನಾನು ಮಾಡಿದ್ದು ಸರಿಯೋ ತಪ್ಪೋ?"

"ನಾನು ತೂಕ ಹಾಕೋಳು ಕಣಪ್ಪಾ. ಸರಿ ತಪ್ಪು ನನ್ನ ತಕ್ಕಡೀಲಿ ನಿಲ್ಲಲ್ಲ," ಅಂದಳು ಗುಜರಿಯಕ್ಕ.

ಅವನು ಆ ಗುಡ್ಡೆಯ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದ. ಮೂರು ತಲೆಮಾರು ಕೇಳಿಕೊಂಡದ್ದು ಸೋಲದ ಕೆಲಸ. ಕೇಳಿದ್ದು ಸಿಕ್ಕಿತ್ತು, ಕಣ್ಣೆದುರಿಗೆ ರಾಶಿ ಬಿದ್ದಿತ್ತು. ಹೆಮ್ಮೆಪಡಬೇಕೋ ತಲೆ ತಗ್ಗಿಸಬೇಕೋ ತಿಳಿಯಲಿಲ್ಲ. ಹಳ್ಳದಾಚೆ ಬಂಡೆಗೆ ಒರಗಿ ನಿಂತಿದ್ದ ಮುತ್ತಜ್ಜನ ಪಟ್ಟಿ ನೆನಪಾಯಿತು. ಚಿಕ್ಕಂದಿನಿಂದ ಕೇಳಿದ ಆ ಕತೆಯಲ್ಲಿ ಗಾಡಿ ಯಾಕೆ ಉರುಳಿತು ಎಂದು ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಮರದ ಚಕ್ರಕ್ಕೆ ಪಟ್ಟಿಯೇ ಭಾರವಾಗಿತ್ತೋ ಏನೋ. ಈಗ ಕೇಳೋಣವೆಂದರೆ ಹೇಳುವವರು ಇಲ್ಲ.

ಎದ್ದು ಹೊರಟಾಗ ಅಪ್ಪನ ತೇಪೆಯನ್ನು ಜೇಬಿಗೆ ಹಾಕಿಕೊಂಡ. ಗೇಟು ದಾಟುವಷ್ಟರಲ್ಲಿ ಅದರ ಭಾರಕ್ಕೆ ಜೇಬು ಹರಿಯಿತು.

ಸೋಮವಾರ ಬೆಳಿಗ್ಗೆ ಅಕ್ಕ ಷೆಡ್ಡಿಗೆ ಬಂದಳು. ಮುದುಕಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಇಂಜಿನ್ನು ಚಾಲೂ ಇತ್ತು. ಎಳೆ ಹುಡುಗಿಯ ಹಾಗೆ ಗುನುಗುತ್ತಿತ್ತು. ಅಕ್ಕನ ಮುಖ ಅರಳಿತು.

"ಎಷ್ಟು ಚೆನ್ನಾಗಿ ಓಡ್ತಿದೆ! ಸರಿಹೋಯ್ತಾ ಹಾಗಾದ್ರೆ?"

"ಇಂಜಿನ್ನು ಚೆನ್ನಾಗಿದೆ. ಬ್ರೇಕು ಚೆನ್ನಾಗಿದೆ. ತೇಪೆಗಳೂ ಗಟ್ಟಿ ಇವೆ."

"ಗಾಡಿ?"

ಅವನು ಕೈಗೆ ಮೆತ್ತಿದ್ದ ಗ್ರೀಸನ್ನು ಅಂಗಿಗೆ ಒರೆಸಿಕೊಂಡ.

"ತಮ್ಮಾ, ನಾನು ಕೇಳಿದ್ದು ಒಂದೇ. ಬಸುರೀನ ಕೂರಿಸ್ಬೋದಾ?"

"ಒಂದೊಂದಾಗಿ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಕ್ಕಾ. ಒಟ್ಟಿಗೆ ಕೇಳಿದ್ರೆ ನನಗೆ ಹೇಳಕ್ಕೆ ಬರ್ತಿಲ್ಲ. ಬಿಡಿಬಿಡಿಯಾಗಿ ಬದುಕಿರೋದು ಒಟ್ಟಿಗೆ ಹೇಗೆ ಸಾಯುತ್ತೆ ಅಂತ ರಾತ್ರಿ ಹಗಲು ಯೋಚನೆ ಮಾಡಿದೀನಿ. ತಲೆಗೆ ಹೋಗ್ತಿಲ್ಲ."

"ನಿನ್ನ ತಲೆಗೆ ಹೋಗೋದು ಆಮೇಲೆ ಹೋಗ್ಲಿ. ನನಗೆ ಈಗ ಹೂಂ ಅನ್ಬೇಕಾ ಊಹೂಂ ಅನ್ಬೇಕಾ?"

ಬೆಸುಗೆ ಮಾವ ಒಳಗೆ ಕೈ ಚಾಚಿ ಇಂಜಿನ್ನು ಆರಿಸಿದ. ಕೀಲಿಯನ್ನು ತೆಗೆದು ಅಕ್ಕನ ಕೈಗೆ ಕೊಡಲು ಹೋಗಿ, ಮಧ್ಯದಲ್ಲೇ ನಿಂತು, ತನ್ನ ಜೇಬಿಗೆ ಹಾಕಿಕೊಂಡ. ಅದು ಹರಿದ ಜೇಬು. ಕೀಲಿ ಕಾಲ ಬಳಿ ಬಿತ್ತು. ಅಕ್ಕ ಬಗ್ಗಿ ಎತ್ತಿ, ಅವನ ಇನ್ನೊಂದು ಜೇಬಿಗೆ ಹಾಕಿದಳು.

"ಹೂಂ ಅಂತೀನಿ," ಅಂದಳು ಮೆಲ್ಲಗೆ. ಕೆಂಪು ಬಾಗಿಲನ್ನು ಒಂದು ಸಲ ಸವರಿ, ನೋಡಬೇಕಾಗಿದ್ದ ಬಾಣಂತಿಯ ಮನೆಗೆ ಬಸ್ಸು ಹಿಡಿದಳು.

ಮುದುಕಿಯನ್ನು ಕೊಡುತ್ತೇನೆಂದು ಬೆಸುಗೆ ಮಾವ ಹೇಳಿಕಳಿಸಿದ್ದಕ್ಕೆ, ಆ ವಾರದಲ್ಲೇ ಗುಜರಿಯಕ್ಕ ಗಾಡಿ ಎಳೆಯುವ ಕೊಕ್ಕೆ ಲಾರಿ ತೆಗೆದುಕೊಂಡು ಖುದ್ದಾಗಿ ಬಂದಳು. ಜೊತೆಗೆ ಗ್ಯಾಸ್ ಕಟರ್ ಹಿಡಿದ ಇಬ್ಬರು ಆಳುಗಳು. ಬೆಸುಗೆ ಮಾವ ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿ, ಸೀಟುಗಳನ್ನು ಹೊರಗಿಟ್ಟು, ಗಾಡಿಯ ಕೆಳಗೆ ಮಲಗಿದ್ದ. ಒಂದು ಉಳಿ, ಒಂದು ಸಣ್ಣ ಸುತ್ತಿಗೆ. ತೇಪೆಗಳನ್ನು ಒಂದೊಂದಾಗಿ ಎಬ್ಬಿಸಿ, ಎಬ್ಬಿಸಿದ ಕಡೆ ಹಳೆಯ ತಗಡನ್ನು ಟಾರ್ಚು ಹಿಡಿದು ನೋಡುತ್ತಿದ್ದ. ಎಬ್ಬಿಸಿದ್ದೆಲ್ಲ ನೆಲದ ಮೇಲೆ, ಹಾಕಿದ ಕಾಲದ ಕ್ರಮದಲ್ಲಿ, ಸಾಲಾಗಿ ಇದ್ದವು. ಮಲಗಿದಲ್ಲಿಂದಲೇ ಕೈ ಚಾಚಿ ಅವುಗಳಲ್ಲಿ ಎರಡನ್ನು ಅದಲುಬದಲು ಮಾಡಿದ.

"ಏಳೋ ಮಾರಾಯ," ಅಂದಳು ಗುಜರಿಯಕ್ಕ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಮ್ಮ ಹುಡುಗರು ಕೈ ಹಾಕಿದ್ರೆ ಊಟದ ಹೊತ್ತಿಗೆ ಮುಗಿಸ್ತಾರೆ. ನೀನು ಯಾಕೆ ಬೆನ್ನು ಮುರ್ಕೋತೀಯ?"

ಗಾಡಿಯ ಕೆಳಗಿನಿಂದ ಸುತ್ತಿಗೆಯ ಸದ್ದು ನಿಂತಿತು. ಬೆಸುಗೆ ಮಾವ ತಲೆಯನ್ನಷ್ಟೇ ಹೊರಗೆ ತಂದು, ಓರೆಗಣ್ಣಿನಿಂದ ಅವಳನ್ನು ನೋಡಿದ.

"ಬೇಡ ಗುಜರಿಯಕ್ಕ, ನಿಮ್ಮೋರನ್ನ ಕರ್ಕೊಂಡು ಹೋಗಿ. ಮುದುಕೀನ ನಿಮಗೇ ಕೊಡ್ತೀನಿ, ಆ ಮಾತಿಗೆ ತಪ್ಪಲ್ಲ. ಆದ್ರೆ ಇವುಗಳಲ್ಲಿ ಯಾವ ತೇಪೆ ಅವಳನ್ನ ಮೊದಲು ಹರೀತು ಅಂತ ಇನ್ನೂ ಸಿಕ್ಕಿಲ್ಲ. ಅದು ಸಿಗೋವರೆಗೂ ಇದಕ್ಕೆ ಇನ್ನೊಬ್ಬರ ಕೈ ಬೀಳೋದು ಬೇಡ. ನಾನೊಬ್ಬನೇ ಬಿಚ್ತೀನಿ."